ಮಕ್ಕಳನ್ನು ವಿಜ್ಞಾನ ಮ್ಯೂಸಿಯಂಗೆ ಕರೆದೊಯ್ಯುವುದು ಹೇಗೆ? ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

"ಮೇಡಂ, ಇದು ಯಾಕೆ ಇದ್ದಕ್ಕಿದ್ದ ಹಾಗೆ ಬಿಗಿ ಆಯ್ತು?"

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳು ಕೈಯಿಂದ ತಿರುಗಿಸುವ ಜನರೇಟರಿನ ಮುಂದೆ ನಿಂತಿದ್ದಳು. ಹಿಡಿ ಸಲೀಸಾಗಿ ಸುತ್ತುತ್ತಿತ್ತು. ಪಕ್ಕದ ಗೆಳತಿ ಸ್ವಿಚ್ ಒತ್ತಿದಳು. ಬಲ್ಬ್ ಹತ್ತಿತು. ಅದೇ ಗಳಿಗೆಗೆ ಹಿಡಿ ಭಾರವಾಯಿತು, ಭುಜ ಕೊಟ್ಟು ತಿರುಗಿಸಬೇಕಾಯಿತು. ಸ್ವಿಚ್ ಬಿಟ್ಟರೆ ಮತ್ತೆ ಹಗುರ. ಇಬ್ಬರೂ ಒತ್ತಿ ನೋಡಿದರು, ಬಿಟ್ಟು ನೋಡಿದರು, ಜಾಗ ಬದಲಾಯಿಸಿಕೊಂಡು ಮತ್ತೆ ನೋಡಿದರು. ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಕರೆಂಟು ಪುಕ್ಕಟೆ ಬರುವುದಿಲ್ಲ, ಎಲ್ಲೋ ಏನೋ ಒಂದು ದುಡಿದಿರಬೇಕು ಅನ್ನುವುದು ಅವತ್ತು ಅವಳ ತೋಳಿಗೆ ತಿಳಿಯಿತು. ಅದನ್ನೇ ನಾನು ಬೋರ್ಡಿನ ಮೇಲೆ ಒಂದು ವಾರ ಬರೆದಿದ್ದೆ.

ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಲ ಸಲ ಮಕ್ಕಳನ್ನು ಕರೆದೊಯ್ದಾಗ ಒಂದೇ ದಿನಕ್ಕೆ ಮ್ಯೂಸಿಯಂ, ತಾರಾಲಯ, ವಿಧಾನಸೌಧ, ಲಾಲ್‌ಬಾಗ್ ನಾಲ್ಕನ್ನೂ ಹಾಕಿಕೊಂಡಿದ್ದೆವು. ಮ್ಯೂಸಿಯಂಗೆ ಸಿಕ್ಕಿದ್ದು ಒಂದೂ ಕಾಲು ಗಂಟೆ. "ಮುಂದೆ ನಡೀರಿ, ಮುಂದೆ ನಡೀರಿ" ಅಂತ ಕೂಗಿ ಕೂಗಿ ಗಂಟಲು ಕಟ್ಟಿತು. ಮರುದಿನ ಪ್ರಬಂಧ ಬರೆಸಿದರೆ ಐಸ್‌ಕ್ರೀಮ್ ಬಗ್ಗೆ ಒಂದು ಪುಟ, ವಿಜ್ಞಾನದ ಬಗ್ಗೆ ಎರಡು ಸಾಲು. ಮಕ್ಕಳ ತಪ್ಪಲ್ಲ ಅದು. ಯಾವ ಹಿಡಿಯನ್ನೂ ಅವರು ಎರಡನೇ ಸಲ ತಿರುಗಿಸುವಷ್ಟು ಹೊತ್ತು ನಾವು ಕೊಟ್ಟಿರಲಿಲ್ಲ. ಮೊದಲ ಸಲ ತಿರುಗಿಸುವಾಗ ಏನಾಗುತ್ತದೆ ಅಂತ ಮಗು ನೋಡುತ್ತದೆ. ಯಾಕೆ ಹಾಗಾಯಿತು ಅಂತ ಕೇಳಿಕೊಳ್ಳುವುದು ಎರಡನೇ ಸಲ. ಕೆಳಗೆ ಬರೆದಿರುವುದೆಲ್ಲ ಆ ಎರಡನೇ ಸಲಕ್ಕೆ ಸಮಯ ಉಳಿಸುವ ಉಪಾಯ ಅಂದುಕೊಳ್ಳಿ.

ಎಲ್ಲಿಗೆ ಹೋಗುವುದು

ಬೆಂಗಳೂರೇ ಆಗಬೇಕು ಅಂತೇನಿಲ್ಲ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳ ಹತ್ತಿರ. ಬಸ್ಸಿನಲ್ಲಿ ಒಂದು ಕಡೆಗೆ ಮೂರು ಗಂಟೆಗಿಂತ ಜಾಸ್ತಿ ಆಗದ ಜಾಗ ಆರಿಸಿಕೊಳ್ಳಿ. ಐದು ಗಂಟೆ ಕೂತು ಬಂದ ಮಗು ಏನನ್ನೂ ನೋಡುವುದಿಲ್ಲ, ನೀರು ಕೇಳುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ನನಗೆ ಚೆನ್ನಾಗಿ ಗೊತ್ತಿರುವ ವಿಶ್ವೇಶ್ವರಯ್ಯ ಮ್ಯೂಸಿಯಂ ಬಗ್ಗೆ. ಪೂರ್ತಿ ಹೆಸರು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಸರ್ ಎಂ.ವಿ. ತೀರಿಕೊಂಡದ್ದು ಏಪ್ರಿಲ್ 1962ರಲ್ಲಿ. ಅದೇ ವರ್ಷ ಜುಲೈನಲ್ಲಿ ಜವಾಹರಲಾಲ್ ನೆಹರು ಈ ಕಟ್ಟಡವನ್ನು ಉದ್ಘಾಟಿಸಿದರು. ಜನರಿಗೆ ತೆರೆದ ಮೊದಲ ಗ್ಯಾಲರಿ ವಿದ್ಯುತ್ತಿನದು, 1965ರಲ್ಲಿ. ಈಗ ಇದು ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿಗೆ ಸೇರಿದೆ. ಎಂಜಿನ್ ಹಾಲ್, ಮೋಜಿನ ವಿಜ್ಞಾನ, ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನ, ಡೈನೋಸಾರ್, ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ, ಹೀಗೆ ಹಲವು ಮಹಡಿ ತುಂಬ ಇದೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಲು ಆಗುವುದಿಲ್ಲ. ಮುಗಿಸಬೇಕು ಅನ್ನುವ ಆಸೆಯನ್ನು ಇಲ್ಲೇ ಬಿಟ್ಟುಬಿಡಿ.

ಎರಡು ತಿಂಗಳ ಮುಂಚೆ: ನೀವೊಬ್ಬರೇ ಹೋಗಿ ಬನ್ನಿ

ಇದನ್ನು ಬಹಳ ಜನ ಮಾಡುವುದಿಲ್ಲ. ದಯವಿಟ್ಟು ಮಾಡಿ. ಒಂದು ಶನಿವಾರ ಟಿಕೆಟ್ ತಗೊಂಡು ಒಬ್ಬರೇ ಒಳಗೆ ಹೋಗಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ನೀವು ಈ ವರ್ಷ ಕಲಿಸುತ್ತಿರುವ ಪಾಠಗಳಲ್ಲಿ ಒಂದೆರಡನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹತ್ತನೇ ಕ್ಲಾಸಾದರೆ ವಿದ್ಯುತ್ತು, ಅದರ ಕಾಂತೀಯ ಪರಿಣಾಮ, ಬೆಳಕು. ಒಂಬತ್ತಾದರೆ ಶಬ್ದ, ಗುರುತ್ವ, ಕೆಲಸ ಮತ್ತು ಶಕ್ತಿ. ಎಂಟಾದರೆ ಬಲ, ಘರ್ಷಣೆ. ಆ ಪಾಠಕ್ಕೆ ತಾಗುವ ಮಾದರಿಗಳ ಮುಂದೆ ಮಾತ್ರ ನಿಲ್ಲಿ. ನೀವೇ ಕೈ ಹಾಕಿ ತಿರುಗಿಸಿ, ಒತ್ತಿ, ಎಳೆಯಿರಿ. ಯಾವುದು ನಿಮ್ಮನ್ನು ಐದು ನಿಮಿಷ ಹಿಡಿದು ನಿಲ್ಲಿಸಿತೋ ಅದು ಮಕ್ಕಳನ್ನೂ ನಿಲ್ಲಿಸುತ್ತದೆ.

ಅಂಥ ಎಂಟು ಮಾದರಿ ಆರಿಸಿ. ಎಂಟಕ್ಕಿಂತ ಜಾಸ್ತಿ ಬೇಡ. ಅವು ಯಾವ ಮಹಡಿಯಲ್ಲಿವೆ, ಮುಂದೆ ಎಷ್ಟು ಮಕ್ಕಳು ನಿಲ್ಲಬಹುದು, ಫಲಕ ಕನ್ನಡದಲ್ಲಿದೆಯಾ, ಎಲ್ಲ ಬರೆದುಕೊಳ್ಳಿ. ಕೆಲವು ಮಾದರಿ ರಿಪೇರಿಗೆ ಹೋಗಿರುತ್ತವೆ. ದಿನಕ್ಕೆ ನೂರಾರು ಕೈ ತಾಗುವ ವಸ್ತು ಕೆಡದೆ ಇರುವುದಿಲ್ಲ. ಅದಕ್ಕೇ ಇನ್ನೂ ಎರಡು ಹೆಚ್ಚುವರಿ ಇಟ್ಟುಕೊಂಡಿರಿ.

ಇನ್ನು ಕೆಲವನ್ನು ಕಣ್ಣಾರೆ ನೋಡಿಕೊಂಡು ಬರಬೇಕು: ಶೌಚಾಲಯ ಎಲ್ಲೆಲ್ಲಿದೆ, ಕುಡಿಯುವ ನೀರು ಎಲ್ಲಿ, ಬ್ಯಾಗು ಎಲ್ಲಿಡಬೇಕು, ಬಸ್ಸು ಎಲ್ಲಿ ನಿಲ್ಲಿಸಬೇಕು. ಕಸ್ತೂರಬಾ ರಸ್ತೆಯಲ್ಲಿ ಮಕ್ಕಳನ್ನು ಇಳಿಸುವುದಕ್ಕೂ ಬಸ್ಸು ನಿಲ್ಲಿಸುವುದಕ್ಕೂ ಒಂದೇ ಜಾಗ ಅಂದುಕೊಂಡರೆ ಕಷ್ಟ. ನಿಮ್ಮ ಕ್ಲಾಸಿನಲ್ಲಿ ಗಾಲಿಕುರ್ಚಿ ಬಳಸುವ ಮಗು ಇದ್ದರೆ ಲಿಫ್ಟು, ಇಳಿಜಾರು ದಾರಿ ಎಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿ, ಆ ದಾರಿಯಲ್ಲಿ ನೀವೇ ಒಮ್ಮೆ ಓಡಾಡಿ ನೋಡಿ. ಕಣ್ಣು ಕಾಣದ ಮಗುವಿಗೆ ಇಂಥ ಮ್ಯೂಸಿಯಂ ಬೇರೆಲ್ಲ ಪ್ರವಾಸಕ್ಕಿಂತ ಒಳ್ಳೆಯದು, ಯಾಕೆಂದರೆ ಇಲ್ಲಿ ಮುಟ್ಟಬಹುದು. ಆ ಹತ್ತನೇ ಕ್ಲಾಸಿನ ಹುಡುಗಿಗೆ ಹಿಡಿ ಬಿಗಿಯಾದದ್ದು ತಿಳಿಯಲು ಕಣ್ಣು ಬೇಕಿರಲಿಲ್ಲ ಅಲ್ವಾ?

ಆವತ್ತೇ ಕಚೇರಿಗೆ ಹೋಗಿ ಶಾಲಾ ಗುಂಪಿಗೆ ರಿಯಾಯಿತಿ ಹೇಗೆ, ಮುಖ್ಯ ಶಿಕ್ಷಕರ ಪತ್ರ ಬೇಕಾ, 3ಡಿ ಪ್ರದರ್ಶನದಂಥವಕ್ಕೆ ಬೇರೆ ಟಿಕೆಟ್ಟಾ, ಯಾವ ಹೊತ್ತಿಗೆ ಅಂತ ಕೇಳಿಕೊಳ್ಳಿ. ದರ ಬದಲಾಗುತ್ತಿರುತ್ತದೆ, ಹೋದ ವರ್ಷದ ಲೆಕ್ಕ ನಂಬಬೇಡಿ.

ದಿನ, ಕಾಗದ, ಬಸ್ಸು, ದುಡ್ಡು

ಡಿಸೆಂಬರ್ ಬೇಡ. ರಾಜ್ಯದ ಅರ್ಧ ಶಾಲೆಗಳು ಅದೇ ತಿಂಗಳು ಪ್ರವಾಸ ಹೊರಡುತ್ತವೆ. ಒಂದು ಮಾದರಿಯ ಮುಂದೆ ಮೂವತ್ತು ಮಕ್ಕಳ ಸಾಲಿದ್ದರೆ ಎರಡನೇ ಸಲ ತಿರುಗಿಸುವ ಮಾತೇ ಇಲ್ಲ. ಜುಲೈ ಅಥವಾ ಆಗಸ್ಟಿನ ಒಂದು ಮಂಗಳವಾರವೋ ಬುಧವಾರವೋ ಸರಿ. ಮಳೆ ಬಂದರೂ ಒಳಗೇ ಇರುತ್ತೀರಿ. ಪಾಠ ಮುಗಿದ ಮೇಲೆ ಹೋಗುವುದಕ್ಕಿಂತ ಪಾಠ ಅರ್ಧ ಆಗಿರುವಾಗ ಹೋದರೆ ಒಳ್ಳೆಯದು ಅನ್ನುವುದು ನನ್ನ ಅನುಭವ. ಗೊತ್ತಿಲ್ಲದ್ದು ಸ್ವಲ್ಪ ಉಳಿದಿರಬೇಕು.

ಕಾಗದಪತ್ರದ ವಿಷಯ ನಿಮಗೆಲ್ಲ ಗೊತ್ತಿರುವುದೇ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಪ್ಪಿಗೆ, ಇಲಾಖೆಯ ಅನುಮತಿ, ಪ್ರತಿ ಮಗುವಿನ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ. ಪೋಷಕರ ಪತ್ರದಲ್ಲಿ ಎರಡು ಫೋನ್ ನಂಬರ್ ಬರೆಸಿ. ಮಗುವಿಗೆ ಫಿಟ್ಸು, ಉಬ್ಬಸ, ಬಸ್ಸಿನಲ್ಲಿ ವಾಂತಿ, ಯಾವುದಾದರೂ ಔಷಧಿ ಇದೆಯಾ ಅಂತ ಒಂದು ಸಾಲು ಸೇರಿಸಿ. ಈ ಒಂದು ಸಾಲು ನಮ್ಮನ್ನು ಒಂದು ಸಲ ಕಾಪಾಡಿದೆ.

ಬಸ್ಸಿಗೆ ಮೊದಲು ಹತ್ತಿರದ ಕೆಎಸ್ಸಾರ್ಟಿಸಿ ಡಿಪೋದಲ್ಲಿ ಕೇಳಿ. ಇಡೀ ಬಸ್ಸನ್ನೇ ಬಾಡಿಗೆಗೆ ಕೊಡುತ್ತಾರೆ. ಖಾಸಗಿ ಬಸ್ಸಾದರೆ ಪರ್ಮಿಟ್ಟು, ವಿಮೆ, ಎಫ್‌ಸಿ (ವಾಹನದ ಫಿಟ್ನೆಸ್ ಪ್ರಮಾಣಪತ್ರ) ಮೂರರ ಜೆರಾಕ್ಸ್ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ರಾತ್ರಿ ಪ್ರಯಾಣ ಬೇಡವೇ ಬೇಡ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಎಂಟರೊಳಗೆ ಮಕ್ಕಳು ಮನೆ ಸೇರುವ ಹಾಗೆ ಇರಲಿ.

ದುಡ್ಡಿನ ಬಗ್ಗೆ ಒಂದು ಮಾತು. ಕ್ಲಾಸಿನಲ್ಲಿ ಹೆಸರು ಕೂಗಿ ದುಡ್ಡು ಕೇಳಬೇಡಿ. ಕೊಡಲು ಆಗದ ಮಗು "ನಂಗೆ ಬರೋಕೆ ಇಷ್ಟ ಇಲ್ಲ ಮೇಡಂ" ಅನ್ನುತ್ತದೆ. ಆ ಮಾತು ಕೇಳಿಸಿದ ತಕ್ಷಣ ತಿಳಿದುಕೊಳ್ಳಬೇಕು. ನಾವು ಒಂದು ಪೆಟ್ಟಿಗೆ ಇಟ್ಟು, ಲಕೋಟೆಯಲ್ಲಿ ಹಾಕಿ ಹೆಸರು ಬರೆದು ಬಿಡಲು ಹೇಳುತ್ತೇವೆ. ಎಷ್ಟು ಹಾಕಿದ್ದಾರೆ ಅನ್ನುವುದು ನನಗೆ, ಮುಖ್ಯ ಶಿಕ್ಷಕರಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಡಿಮೆ ಬಿದ್ದದ್ದಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಕೇಳುತ್ತೇವೆ. ಇವತ್ತಿನ ತನಕ ಯಾರೂ ಇಲ್ಲ ಅಂದಿಲ್ಲ.

ಹೊರಡುವ ಮುಂಚೆ ಮೂರು ಪೀರಿಯಡ್ಡು

ಮೊದಲ ಪೀರಿಯಡ್ಡು ಮೈದಾನದಲ್ಲಿ. ಅಳತೆ ಟೇಪ್ ಹಿಡಿದು 120 ಅಡಿ ಗುರುತು ಮಾಡಿ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಹತ್ತಿರ ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿದ್ದು ಇಷ್ಟೇ ದೂರ, 12 ಸೆಕೆಂಡು. ಈಗ ಮಕ್ಕಳನ್ನು ಒಬ್ಬೊಬ್ಬರಾಗಿ ಓಡಿಸಿ, ಸ್ಟಾಪ್‌ವಾಚ್ ಹಿಡಿಯಿರಿ. ನಮ್ಮ ಮಕ್ಕಳು ಏಳೆಂಟು ಸೆಕೆಂಡಿನಲ್ಲಿ ಮುಟ್ಟಿದರು. "ನಾವು ವಿಮಾನನ ಸೋಲಿಸಿದ್ವಿ!" ಅಂತ ಕೂಗಾಟ. ಆಗ ಕೇಳಿ: ಓಡುವ ಹುಡುಗನಿಗಿಂತ ನಿಧಾನವಾಗಿದ್ದ ಯಂತ್ರ ಕೆಳಗೆ ಬೀಳದೆ ಹೇಗೆ ಹಾರಿತು? ಉತ್ತರ ಹೇಳಬೇಡಿ. ಆ ದಿನ ಎದುರಿನಿಂದ ಜೋರು ಗಾಳಿ ಬೀಸುತ್ತಿತ್ತು ಅನ್ನುವ ಸುಳಿವು ಮಾತ್ರ ಕೊಡಿ. ನೆಲದ ಲೆಕ್ಕದಲ್ಲಿ ನಿಧಾನ, ಗಾಳಿಯ ಲೆಕ್ಕದಲ್ಲಿ ವೇಗ. ಇದು ಮಕ್ಕಳ ತಲೆಯಲ್ಲಿ ಕೊರೆಯುತ್ತಿದ್ದರೆ ಮ್ಯೂಸಿಯಂನಲ್ಲಿ ಆ ಪ್ರತಿಕೃತಿಯ ಮುಂದೆ ಸುಮ್ನೆ ಫೋಟೋ ತೆಗೆಸಿಕೊಂಡು ಹೋಗುವುದಿಲ್ಲ. ರೆಕ್ಕೆ ಎಷ್ಟು ಅಗಲ ಇದೆ, ಯಾವ ಬಟ್ಟೆ, ಮನುಷ್ಯ ಎಲ್ಲಿ ಮಲಗುತ್ತಿದ್ದ ಅಂತ ನೋಡುತ್ತಾರೆ. ಅವತ್ತೇ ನಾಲ್ಕನೇ ಸಲ ಹಾರಿದಾಗ ಅದೇ ವಿಮಾನ 852 ಅಡಿ, 59 ಸೆಕೆಂಡು ಹೋಯಿತು. ಅದನ್ನು ಅಲ್ಲಿ ಹೇಳಿ.

ಎರಡನೇ ಪೀರಿಯಡ್ಡಿನಲ್ಲಿ ಎಂಟು ಮಾದರಿಗಳ ಹೆಸರು ಹೇಳಿ, ಮನೆಯಲ್ಲಿ, ಊರಿನಲ್ಲಿ ಅಂಥದ್ದು ಏನಿದೆ ಅಂತ ಕೇಳಿ. ರಾಟೆ ಅಂದರೆ ಬಾವಿ. ಡೈನಮೋ ಅಂದರೆ ತಾತನ ಹಳೆಯ ಸೈಕಲ್ಲು. ದೂರದಿಂದ ಪಿಸುಮಾತು ಕೇಳಿಸುವುದು ಅಂದರೆ ವಿಜಯಪುರದ ಗೋಳಗುಮ್ಮಟ. ಮಕ್ಕಳೇ ಹೇಳುತ್ತಾರೆ.

ಮೂರನೇ ಪೀರಿಯಡ್ಡಿನಲ್ಲಿ ಪ್ರಶ್ನೆ ಚೀಟಿ. ಅಂಗೈ ಅಗಲದ ರಟ್ಟಿನ ಮೇಲೆ ಒಂದೊಂದು ಮಾದರಿಗೆ ಒಂದೊಂದೇ ಪ್ರಶ್ನೆ. ಫಲಕ ನೋಡಿ ನಕಲು ಮಾಡುವ ಪ್ರಶ್ನೆ ಇರಬಾರದು. "ಜನರೇಟರ್ ಅಂದರೇನು?" ಅಂತ ಬರೆದರೆ ಮಕ್ಕಳು ಫಲಕದ ಮುಂದೆ ಕೂತು ಬರೆದುಕೊಳ್ಳುತ್ತಾರೆ, ಹಿಡಿ ಮುಟ್ಟುವುದೇ ಇಲ್ಲ. ಬದಲಿಗೆ ಹೀಗೆ ಬರೆಯಿರಿ:

ಒಂದು ಬಲ್ಬ್ ಹತ್ತಿಸುವಾಗ, ಎರಡು ಬಲ್ಬ್ ಹತ್ತಿಸುವಾಗ ಕೈಗೆ ಏನು ವ್ಯತ್ಯಾಸ?

ರಾಟೆಯ ಹಗ್ಗ ಎರಡು ಮೊಳ ಎಳೆದರೆ ಭಾರ ಎಷ್ಟು ಮೊಳ ಮೇಲೆ ಬಂತು?

ಬಾಣಲೆಯಂಥ ತಟ್ಟೆಯ ಮುಂದೆ ಎಲ್ಲಿ ಕಿವಿ ಇಟ್ಟರೆ ಚೆನ್ನಾಗಿ ಕೇಳುತ್ತದೆ? ಒಂದು ಗೇಣು ಪಕ್ಕಕ್ಕೆ ಸರಿದರೆ?

ಈ ಪ್ರಶ್ನೆಗಳಿಗೆ ಎರಡು ಸಲ ಮಾಡದೆ ಉತ್ತರ ಸಿಗುವುದಿಲ್ಲ.

ಗುಂಪು

ಏಳೆಂಟು ಮಕ್ಕಳಿಗೆ ಒಬ್ಬರು ದೊಡ್ಡವರು. ಶಿಕ್ಷಕರು ಸಾಲದಿದ್ದರೆ ಇಬ್ಬರು ತಾಯಂದಿರನ್ನು ಕರೆಯಿರಿ. ಅವರೂ ಹಿಡಿ ತಿರುಗಿಸಿ ಖುಷಿಪಡುತ್ತಾರೆ, ಅದನ್ನು ನೋಡುವುದೇ ಒಂದು ಸಂತೋಷ. ಗುಂಪಿನೊಳಗೆ ಮಕ್ಕಳನ್ನು ಮೂರು ಮೂರು ಮಾಡಿ: ಒಬ್ಬರು ಮಾಡುವವರು, ಒಬ್ಬರು ನೋಡುವವರು, ಒಬ್ಬರು ಬರೆಯುವವರು. ಪ್ರತಿ ಮಾದರಿಗೂ ಕೆಲಸ ಬದಲಾಗಬೇಕು. ಹೀಗೆ ಮಾಡದಿದ್ದರೆ ಗಟ್ಟಿ ಹುಡುಗರೇ ಎಲ್ಲ ಹಿಡಿಗಳನ್ನೂ ಹಿಡಿಯುತ್ತಾರೆ, ಹುಡುಗಿಯರು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಇದನ್ನು ನಾನು ಮೂರು ವರ್ಷ ಗಮನಿಸಿಯೇ ಇರಲಿಲ್ಲ. ಫೋಟೋಗಳನ್ನು ನೋಡುವಾಗ ಗೊತ್ತಾಯಿತು.

ಆ ದಿನ ಬೆಳಿಗ್ಗೆ

ಬಸ್ಸಿನಲ್ಲಿ ಇರಬೇಕಾದದ್ದು: ಪ್ರಥಮ ಚಿಕಿತ್ಸೆ ಡಬ್ಬಿ, ವಾಂತಿಗೆ ಕವರ್, ನಿಂಬೆಹಣ್ಣು, ಒಂದು ಕ್ಯಾನ್ ನೀರು, ಸ್ಯಾನಿಟರಿ ಪ್ಯಾಡು, ಒಂದೆರಡು ಜೊತೆ ಹೆಚ್ಚುವರಿ ಬಟ್ಟೆ. ಪ್ಯಾಡು ಯಾರ ಹತ್ತಿರ ಇದೆ ಅಂತ ಹುಡುಗಿಯರಿಗೆ ಮೊದಲೇ ಹೇಳಿರಿ. ಕೇಳಲು ನಾಚಿಕೆಪಟ್ಟು ಇಡೀ ದಿನ ಬಸ್ಸಿನಲ್ಲೇ ಕೂತ ಹುಡುಗಿಯನ್ನು ನಾನು ನೋಡಿದ್ದೇನೆ.

ಪ್ರತಿ ಮಗುವಿನ ಕೊರಳಲ್ಲಿ ಶಾಲೆಯ ಹೆಸರು ಮತ್ತು ಒಬ್ಬ ಶಿಕ್ಷಕರ ಫೋನ್ ನಂಬರ್ ಇರುವ ಚೀಟಿ ಇರಲಿ. ಮಗುವಿನ ಹೆಸರು ಹೊರಗೆ ಕಾಣುವ ಹಾಗೆ ಬೇಡ. ಹೆಸರು ಓದಿ ಕರೆಯುವ ಅಪರಿಚಿತರನ್ನು ಮಕ್ಕಳು ಬೇಗ ನಂಬಿಬಿಡುತ್ತಾರೆ.

ತಿಂಡಿಗೆ ಇಡ್ಲಿ ಅಥವಾ ಚಿತ್ರಾನ್ನ. ಪೂರಿ, ಬೋಂಡ ಬೇಡ, ಬಸ್ ಪ್ರಯಾಣಕ್ಕೆ ಎಣ್ಣೆ ತಿಂಡಿ ಆಗುವುದಿಲ್ಲ. ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್ಕು ಎಷ್ಟು ಹೊತ್ತು ತಿನ್ನುತ್ತದೋ ಹೇಳಲಾಗದು. ಆದ್ದರಿಂದ ಅದಕ್ಕೆ ಮುಂಚೆಯೇ ಎಲ್ಲರನ್ನೂ ಶೌಚಾಲಯಕ್ಕೆ ಕಳಿಸಿ. ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಗುರಿ. ಮೊದಲ ಒಂದು ಗಂಟೆಯ ಖಾಲಿ ಗ್ಯಾಲರಿ ಮಧ್ಯಾಹ್ನ ಸಿಗುವ ಮೂರು ತಾಸಿಗೆ ಸಮ.

ಒಳಗೆ

ಬಾಗಿಲಲ್ಲಿ ನಿಂತು ಭಾಷಣ ಬೇಡ. ಮೊದಲ ಇಪ್ಪತ್ತು ನಿಮಿಷ ಮಕ್ಕಳನ್ನು ಎಂಜಿನ್ ಹಾಲ್‌ನಲ್ಲಿ ಬಿಟ್ಟುಬಿಡಿ. ಚೀಟಿ ಇಲ್ಲ, ನೋಟ್ಸ್ ಇಲ್ಲ. ಅವರು ಓಡುತ್ತಾರೆ, ಎಲ್ಲ ಬಟನ್ ಒತ್ತುತ್ತಾರೆ, ಕೂಗುತ್ತಾರೆ. ಒತ್ತಲಿ. ಆ ಹಸಿವು ತೀರದೆ ಯಾವ ಮಗುವೂ ಒಂದು ಕಡೆ ನಿಲ್ಲುವುದಿಲ್ಲ. ಆಮೇಲೆ ಗುಂಪುಗಳನ್ನು ಬೇರೆ ಬೇರೆ ಮಹಡಿಗೆ ಕಳಿಸಿ. ಎಲ್ಲರೂ ಒಂದೇ ಕಡೆಯಿಂದ ಶುರು ಮಾಡಬಾರದು. ಬೇರೆ ಶಾಲೆಗಳು ಕೆಳಗಿನಿಂದ ಮೇಲೆ ಬರುತ್ತಿದ್ದರೆ ನೀವು ಮೇಲಿನಿಂದ ಕೆಳಗೆ ಬನ್ನಿ.

ಈಗ ಕಷ್ಟದ ಕೆಲಸ. ಶಿಕ್ಷಕರು ಬಾಯಿ ಮುಚ್ಚಿಕೊಂಡಿರಬೇಕು.

ಇದು ನಮಗೆ ಅಭ್ಯಾಸ ಇಲ್ಲ. ಮಗು ಹಿಡಿ ಹಿಡಿಯುವ ಮುಂಚೆಯೇ "ಇದು ಲೆನ್ಜ್ ನಿಯಮ, ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ" ಅಂದುಬಿಡುತ್ತೇವೆ. ಅಲ್ಲಿಗೆ ಮುಗಿಯಿತು, ಮಗು ಅದನ್ನು ಬರೆದುಕೊಂಡು ಮುಂದೆ ಹೋಗುತ್ತದೆ. ನಾನು ನನಗೇ ಹಾಕಿಕೊಂಡ ಕಟ್ಟಳೆ: ಮೂರೇ ಮಾತು ಆಡಬಹುದು. "ಏನಾಯ್ತು?" "ಇನ್ನೊಂದ್ಸಲ ಮಾಡು." "ಬೇರೆ ಥರ ಮಾಡಿದರೆ?" ಇಷ್ಟೇ ಸಾಕು.

ಒಂದು ಉದಾಹರಣೆ ಹೇಳುತ್ತೇನೆ. ಮೋಜಿನ ವಿಜ್ಞಾನದಂಥ ಗ್ಯಾಲರಿಗಳಲ್ಲಿ ಎರಡು ಶಂಕುಗಳನ್ನು ಬುಡಕ್ಕೆ ಬುಡ ಅಂಟಿಸಿದ ಹಾಗಿರುವ ಒಂದು ಉರುಳೆ ಇರುತ್ತದೆ. ಅದನ್ನು ಎರಡು ಸರಳುಗಳ ಮೇಲೆ ಇಟ್ಟಿರುತ್ತಾರೆ. ಸರಳುಗಳು ಒಂದು ತುದಿಯಲ್ಲಿ ಹತ್ತಿರ, ತಗ್ಗು. ಇನ್ನೊಂದು ತುದಿಯಲ್ಲಿ ದೂರ, ಎತ್ತರ. ಉರುಳೆಯನ್ನು ತಗ್ಗಿನ ತುದಿಯಲ್ಲಿ ಇಟ್ಟು ಕೈ ಬಿಟ್ಟರೆ ಅದು ತಾನಾಗಿ ಎತ್ತರದ ಕಡೆ ಉರುಳುತ್ತದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ "ಒಳಗೆ ಮೋಟಾರ್ ಇದೆ" ಅಂದ. ಇನ್ನೊಬ್ಬ "ಮ್ಯಾಗ್ನೆಟ್" ಅಂದ. ನಾನು ಏನೂ ಅನ್ನದೆ ನನ್ನ ಬ್ಯಾಗಿನಿಂದ ಮೂವತ್ತು ಸೆಂಟಿಮೀಟರಿನ ಸ್ಕೇಲ್ ತೆಗೆದು ಕೊಟ್ಟೆ. ಸ್ವಲ್ಪ ಹೊತ್ತು ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಮೂರನೆಯವನೊಬ್ಬ ಉರುಳೆಯ ಮೊನೆ ಎರಡೂ ತುದಿಯಲ್ಲಿ ಮೇಜಿನಿಂದ ಎಷ್ಟು ಎತ್ತರ ಇದೆ ಅಂತ ಅಳೆದ. ಸರಳು ಏರುತ್ತಿತ್ತು, ಮೊನೆ ಇಳಿಯುತ್ತಿತ್ತು! ಸರಳುಗಳು ಅಗಲವಾದಂತೆ ಉರುಳೆ ಅವುಗಳ ನಡುವೆ ಕುಸಿಯುತ್ತದೆ, ಅದರ ಗುರುತ್ವಕೇಂದ್ರ ಕೆಳಗೆ ಬರುತ್ತದೆ. ಅವನು ಇನ್ನೊಂದು ಸಲ ಅಳೆದ. ಆಮೇಲೆ ಗೆಳೆಯರನ್ನು ಕರೆದು ಅವರ ಕೈಯಲ್ಲೂ ಅಳೆಸಿದ. ಅಷ್ಟೂ ಹೊತ್ತು ನಾನು ಒಂದು ಮಾತೂ ಆಡಿರಲಿಲ್ಲ. ಒಂದು ಸ್ಕೇಲು, ಒಂದು ದಾರ, ಒಂದು ಸ್ಟಾಪ್‌ವಾಚು ಪ್ರತಿ ಗುಂಪಿನ ಹತ್ತಿರವೂ ಇರಲಿ.

ರಾಟೆಗಳ ಮುಂದೆ ಬಾವಿ ನೀರು ಸೇದಿದ ಮಕ್ಕಳನ್ನು ಮುಂದೆ ಬಿಡಿ. ಒಂದೇ ರಾಟೆ ಮೇಲೆ ಕಟ್ಟಿದ್ದರೆ ಭಾರ ಕಡಿಮೆ ಆಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ ಅನ್ನುವುದು ಅವರ ತೋಳಿಗೆ ಗೊತ್ತೇ ಇರುತ್ತದೆ. ಭಾರದ ಜೊತೆಯಲ್ಲೇ ಮೇಲೆ ಬರುವ ಇನ್ನೊಂದು ರಾಟೆ ಸೇರಿದಾಗ ಅರ್ಧ ಬಲ ಸಾಕಾಗುತ್ತದೆ, ಆದರೆ ಹಗ್ಗ ಎರಡರಷ್ಟು ಎಳೆಯಬೇಕು. ಪಾಠದಲ್ಲಿ ಹಿಂದೆ ಉಳಿಯುವ ಎಷ್ಟೋ ಮಕ್ಕಳು ಇಲ್ಲಿ ಗುಂಪಿಗೇ ಗುರುಗಳಾಗುತ್ತಾರೆ. ಅದಕ್ಕೆ ಅವಕಾಶ ಮಾಡಿಕೊಡಿ.

ಪಿಸುಮಾತಿನ ತಟ್ಟೆಗಳಿಗೆ ಸಾಕಷ್ಟು ಸಮಯ ಕೊಡಿ. ಎದುರು ಬದುರು ದೂರದಲ್ಲಿಟ್ಟ ಎರಡು ದೊಡ್ಡ ಬಾಗಿದ ತಟ್ಟೆಗಳು. ಒಂದರ ಮುಂದೆ ಸರಿಯಾದ ಜಾಗದಲ್ಲಿ ಪಿಸುಗುಟ್ಟಿದರೆ ಶಬ್ದ ಇನ್ನೊಂದಕ್ಕೆ ಹೋಗಿ ಅದರ ನಾಭಿಯಲ್ಲಿ, ಅಂದರೆ ತಟ್ಟೆಯ ಮುಂದಿನ ಒಂದು ಬಿಂದುವಿನಲ್ಲಿ, ಒಟ್ಟಾಗುತ್ತದೆ. ಮಕ್ಕಳು ಮೊದಲು ಕೂಗುತ್ತಾರೆ. ಕೂಗಬೇಡಿ ಅನ್ನಬೇಡಿ, ಕೂಗಿದರೆ ಏನೂ ವಿಶೇಷ ಇಲ್ಲ ಅಂತ ಅವರಿಗೇ ತಿಳಿಯುತ್ತದೆ. ಆಮೇಲೆ ಪಿಸುಗುಟ್ಟಿ ನೋಡುತ್ತಾರೆ. ಕಿವಿಯನ್ನು ಒಂದು ಗೇಣು ಆಚೆ ಸರಿಸಿದರೆ ಮಾತು ಮಾಯ. ಬೆಳಕಿನ ಪಾಠದಲ್ಲಿ ನಿಮ್ನ ದರ್ಪಣದ ನಾಭಿ ಅಂತ ಗೆರೆ ಎಳೆದು ತೋರಿಸಿದ್ದು ಇಲ್ಲಿ ಕಿವಿಗೆ ಸಿಗುತ್ತದೆ.

ಡೈನೋಸಾರ್ ಮತ್ತು 3ಡಿ ಪ್ರದರ್ಶನವನ್ನು ಊಟ ಆದ ಮೇಲಿಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಕಾಲು ನೋಯುತ್ತಿರುತ್ತದೆ, ಕೂತು ನೋಡುವುದು ಹಿತ. ಯಾವುದಾದರೂ ಪ್ರಾತ್ಯಕ್ಷಿಕೆ ಇದ್ದರೆ ಚಿಕ್ಕವರನ್ನು ಮುಂದೆ ಕೂರಿಸಿ, ದೊಡ್ಡ ಸದ್ದಿಗೆ ಹೆದರುವ ಮಗುವನ್ನು ಬಾಗಿಲ ಪಕ್ಕ ಕೂರಿಸಿ.

ಊಟ

ಬುತ್ತಿ ಎಲ್ಲಿ ಬಿಚ್ಚಬಹುದು ಅಂತ ಮೊದಲೇ ಮ್ಯೂಸಿಯಂನವರನ್ನು ಕೇಳಿಕೊಂಡಿರಿ. ಪಕ್ಕದಲ್ಲೇ ಕಬ್ಬನ್ ಪಾರ್ಕ್ ಇದೆ ಅಂತ ಅಲ್ಲಿ ಊಟಕ್ಕೆ ಕೂರಿಸುವ ಯೋಚನೆ ಬೇಡ, ಪಾರ್ಕಿನೊಳಗೆ ತಿಂಡಿಗೆ ನಿರ್ಬಂಧ ಇರುತ್ತದೆ. ಊಟ ಮುಗಿಸಿ ಒಂದು ಅರ್ಧ ಗಂಟೆ ಮರಗಳ ಕೆಳಗೆ ಓಡಾಡಿಸಿಕೊಂಡು ಬನ್ನಿ. ತಲೆ ತುಂಬಿದ ಮಕ್ಕಳಿಗೆ ಅದು ಬೇಕು.

ಎಣಿಕೆ

ಬಸ್ ಹತ್ತುವಾಗ, ಇಳಿಯುವಾಗ, ಮಹಡಿ ಬದಲಿಸುವಾಗ, ಊಟಕ್ಕೆ ಮುಂಚೆ, ಊಟ ಆದ ಮೇಲೆ. ಪ್ರತಿ ಸಲವೂ ಎಣಿಸಿ. ಬರೀ ತಲೆ ಎಣಿಸಬೇಡಿ. ಒಂದು ಸಲ ನಮ್ಮ ಎಣಿಕೆ ಸರಿಯಾಗಿತ್ತು, ಆದರೆ ಅದರಲ್ಲಿ ಬೇರೆ ಶಾಲೆಯ, ಅದೇ ಬಣ್ಣದ ಸಮವಸ್ತ್ರದ ಒಬ್ಬ ಹುಡುಗ ಸೇರಿಕೊಂಡಿದ್ದ. ನಮ್ಮ ಹುಡುಗ ಮೇಲಿನ ಮಹಡಿಯಲ್ಲಿ ಕನ್ನಡಿಗಳ ಮುಂದೆ ನಿಂತುಬಿಟ್ಟಿದ್ದ. ಹದಿನೈದು ನಿಮಿಷದಲ್ಲಿ ಸಿಕ್ಕಿದ, ಆದರೆ ಆ ಹದಿನೈದು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಆಮೇಲಿಂದ ಮಕ್ಕಳಿಗೆ ನಂಬರ್ ಕೊಟ್ಟಿದ್ದೇವೆ. ಒಂದು, ಎರಡು, ಮೂರು ಅಂತ ಅವರೇ ಕೂಗಬೇಕು. ಜೊತೆಗೆ ಜೋಡಿ ಇರಲಿ: ನಿನ್ನ ಜೋಡಿ ಕಾಣದಿದ್ದರೆ ತಕ್ಷಣ ಹೇಳು. ಮತ್ತೆ, ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಬೇಡ, ಇದ್ದಲ್ಲೇ ನಿಂತು ಸಮವಸ್ತ್ರದ ಸಿಬ್ಬಂದಿಗೆ ಕೊರಳ ಚೀಟಿ ತೋರಿಸು ಅಂತ ಬಸ್ಸಿನಲ್ಲೇ ಎರಡು ಸಲ ಹೇಳಿರಿ.

ತಪ್ಪಿಸಿಕೊಂಡ ಮಗು ಸಿಕ್ಕಾಗ ಬೈಯಬೇಡಿ. ಅವನು ಕನ್ನಡಿಯಲ್ಲಿ ಏನು ನೋಡುತ್ತಿದ್ದ ಅಂತ ಕೇಳಿ. ನಾನು ಅವತ್ತು ಬೈದೆ. ಅವನೇನು ನೋಡಿದ ಅನ್ನುವುದು ನನಗೆ ಗೊತ್ತಾಗಲೇ ಇಲ್ಲ.

ವಾಪಸ್ ಬಸ್ಸಿನಲ್ಲಿ, ಆಮೇಲೆ ಶಾಲೆಯಲ್ಲಿ

ಬಸ್ ಹೊರಟ ತಕ್ಷಣ ಹಾಡು ಹಾಕಬೇಡಿ. ಮೊದಲ ಅರ್ಧ ಗಂಟೆ ಮಾತು. ಪ್ರತಿ ಮಗುವೂ ಒಂದೇ ಒಂದು ವಾಕ್ಯ ಹೇಳಲಿ: "ನಂಗೆ ಅರ್ಥ ಆಗದೆ ಉಳಿದದ್ದು ಏನೆಂದರೆ..." ಅರ್ಥ ಆದದ್ದನ್ನು ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ. ಅರ್ಥ ಆಗದ್ದನ್ನು ಕೇಳಿದರೆ ನಲವತ್ತು ಮಕ್ಕಳಿಂದ ನಲವತ್ತು ಪ್ರಶ್ನೆ ಬರುತ್ತದೆ. ಒಬ್ಬರು ಬರೆದುಕೊಳ್ಳಲಿ. ಮುಂದಿನ ಎರಡು ವಾರದ ಪಾಠಕ್ಕೆ ಬೇರೆ ತಯಾರಿ ಬೇಕಾಗುವುದಿಲ್ಲ. ಆಮೇಲೆ ಹಾಡು ಹಾಕಿ, ಕುಣಿಯಲಿ.

ಪ್ರಬಂಧ ಬರೆಸಬೇಡಿ. ಬದಲಿಗೆ ಒಂದು ಮಾದರಿಯನ್ನು ಶಾಲೆಯಲ್ಲಿ ಮಾಡಿಸಿ. ಉರುಳೆಗೆ ಎರಡು ಪ್ಲಾಸ್ಟಿಕ್ ಲಾಳಿಕೆಗಳ ಬಾಯಿ ಸೇರಿಸಿ ಅಂಟಿಸಿದರೆ ಸಾಕು, ಸರಳಿಗೆ ಎರಡು ಬಿದಿರಿನ ಕಡ್ಡಿ. ಜನರೇಟರಿಗೆ ಕೆಟ್ಟ ಆಟಿಕೆ ಕಾರಿನ ಮೋಟಾರು, ಹಲ್ಲುಚಕ್ರದ ಸಮೇತ. ಚಕ್ರ ಬೆರಳಿನಿಂದ ತಿರುಗಿಸಿ. ಈಗ ಮೋಟಾರಿನ ಎರಡು ವೈರಿನ ತುದಿಗಳನ್ನು ಒಂದಕ್ಕೊಂದು ತಾಗಿಸಿ ಮತ್ತೆ ತಿರುಗಿಸಿ. ಬಿಗಿ! ವೈರ್ ಬಿಡಿಸಿದರೆ ಹಗುರ. ಗುಜರಿ ಅಂಗಡಿಯಲ್ಲಿ ಹುಡುಕಿದರೆ ಪುಕ್ಕಟೆ ಸಿಗುವ ಸಾಮಾನು ಇದು. ಬ್ಯಾಟರಿ ಹಾಕುವ ಮೋಟಾರೇ ತಿರುಗಿಸಿದರೆ ಜನರೇಟರ್ ಆಗುತ್ತದೆ ಅನ್ನುವುದೂ ಇದರಲ್ಲೇ ಬಂತು.

ಬರಲಾಗದೆ ಉಳಿದ ಮಕ್ಕಳಿಗೆ, ಕೆಳಗಿನ ಕ್ಲಾಸಿನವರಿಗೆ ಒಂದು ಶನಿವಾರ ಪ್ರದರ್ಶನ ಇಡಿ. ಮ್ಯೂಸಿಯಂಗೆ ಒಂದು ಪತ್ರವನ್ನೂ ಬರೆಯಿರಿ. ಹಳ್ಳಿ ಶಾಲೆಗಳಿಗೆ ಬಸ್ಸಿನಲ್ಲಿ ಬರುವ ಅವರ ಸಂಚಾರಿ ವಿಜ್ಞಾನ ಪ್ರದರ್ಶನ ನಿಮ್ಮ ಕಡೆಗೂ ಬರಬಹುದಾ ಅಂತ ಕೇಳಿ. ಪತ್ರ ಮಕ್ಕಳ ಕೈಬರಹದಲ್ಲೇ ಇರಲಿ.

ನಮ್ಮ ಪ್ರದರ್ಶನದ ದಿನ ಆ ಹತ್ತನೇ ಕ್ಲಾಸಿನ ಹುಡುಗಿ ಆಟಿಕೆ ಮೋಟಾರಿನ ಮೇಜಿಗೆ ನಿಂತಿದ್ದಳು. ಆರನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ ಚಕ್ರ ತಿರುಗಿಸಿದ, ವೈರ್ ತಾಗಿಸಿದ, ಮತ್ತೆ ತಿರುಗಿಸಿ ಅವಳ ಮುಖ ನೋಡಿದ. "ಅಕ್ಕ, ಇದು ಯಾಕೆ ಹಿಂಗೆ?"

"ಇನ್ನೊಂದ್ಸಲ ಮಾಡು," ಅಂದಳು.